ಕಂಸದೊಳಗಿನ ಹೆಸರು

ಪೆಟ್ಟಿಗೆ ನಲವತ್ತೊಂದು, ಎರಡನೆಯ ಸಾಲು.
ಸೂಜಿ ಚುಚ್ಚಲೂ ಜಾಗವಿಲ್ಲದ ಮೈ.
ಕಾಗದದ ತ್ರಿಕೋನ, ಅದರ ತುದಿಗೆ ಅಂಟಿನ ಹನಿ,
ಹನಿಯ ಮೇಲೆ ಎಳ್ಳಿಗಿಂತ ಕಿರಿದಾಗಿ ಮಲಗಿದ್ದಾಳೆ
ಕಂದು ಬಣ್ಣದ ತೊಗಟೆ ಜೀರುಂಡೆ.
ಕೆಳಗೆ ಮಾತ್ರ ಚೀಟಿಗಳ ಉಪ್ಪರಿಗೆ:
ಊರು, ತಾರೀಖು, ಹಿಡಿದವನು, ಹೆಸರಿಟ್ಟವನು,
ಆ ಹೆಸರು ತಪ್ಪೆಂದವನು,
ತಪ್ಪೆಂದದ್ದೇ ತಪ್ಪೆಂದವನು.

ಜಾವಾದಲ್ಲಿ ತೋಟದ ಡಾಕ್ಟರೊಬ್ಬ ಕಂಡು ಹೆಸರಿಟ್ಟ.
ಮಡಗಾಸ್ಕರಿನಲ್ಲಿ ಇನ್ನೊಬ್ಬ, ಜಾವಾದ ಸುದ್ದಿ ತಿಳಿಯದೆ.
ಸಮೋವಾದಲ್ಲಿ ಪಾದ್ರಿಯೊಬ್ಬ ತಂಗಿಯ ಹೆಸರನ್ನೇ ಇಟ್ಟ,
ಲ್ಯಾಟಿನ್ ಬಾಲ ಅಂಟಿಸಿ.
ಫ್ಲಾರಿಡಾ. ಆಮೇಲೆ ಪನಾಮಾ.
ಐದು ನಾಮಕರಣ, ಒಂದೇ ಮಗು.
ಮೂರು ಸಲ ಕುಲ ಕೆಟ್ಟಳು;
ರೆಕ್ಕೆಯ ಮೇಲಿನ ಕೂದಲ ಸಾಲು ಎಣಿಸೆಣಿಸಿ
ಒಂದು ಕುಲದಿಂದೆತ್ತಿ ಇನ್ನೊಂದಕ್ಕೆ ಹಾಕಿದರು.
ಕುಲ ಬದಲಾದರೆ, ಮೊದಲು ಹೆಸರಿಟ್ಟವನ ಹೆಸರನ್ನು
ಕಂಸದೊಳಗೆ ಬರೆಯಬೇಕೆಂದು ನಿಯಮ.
ಹಾಗಾಗಿ ಆ ಡಾಕ್ಟರು ಇವತ್ತಿಗೂ ಕಂಸನ ಸೆರೆಯಲ್ಲಿ.
ಬಿಡಿಸಲು ಯಾವ ಎಂಟನೆಯ ಕೂಸೂ ಹುಟ್ಟಿಲ್ಲ.

ನಾನಿರುವುದು ಕೀಟೋ ನಗರದಲ್ಲಿ
(ಹೌದು, ಊರಿನ ಹೆಸರೇ ಹಾಗೆ),
ಸಮುದ್ರದಿಂದ ಮೂರು ಕಿಲೋಮೀಟರಿಗೆ ತುಸು ಕಡಿಮೆ ಎತ್ತರ.
ಉಪ್ಪುನೀರಿನ ಹುಳಕ್ಕೆ ವಿಳಾಸ ಬರೆಯುತ್ತ
ನೆಲಮಾಳಿಗೆಯ ಚಳಿಗೆ ಬೆರಳು ಮರಗಟ್ಟುತ್ತವೆ.
ನಕ್ಷೆಗೆ ಚುಕ್ಕಿ ಇಡುವುದು ನನ್ನ ಕೆಲಸ.
ಇಡುತ್ತ ಇಡುತ್ತ ಒಂದು ಗುಮಾನಿ ಶುರುವಾಯಿತು:
ಬಂದರು, ಚರ್ಚು, ರೈಲು ನಿಲ್ಲುವ ಊರು,
ಸಂಶೋಧಕರಿಗೆ ಸೊಳ್ಳೆಪರದೆ ಸಿಗುವ ಊರು.
ಹುಳದ ನಕ್ಷೆಯಲ್ಲ ಇದು.
ಹುಳ ಹುಡುಕಿದವರು ಎಲ್ಲೆಲ್ಲಿ ಉಂಡು ಮಲಗಿದರೋ ಅದರ ನಕ್ಷೆ.
ನಮ್ಮ ಉತ್ತರದ ಕರಾವಳಿ ಖಾಲಿ, ಬಿಳಿ.

ಸಾನ್ ಲೊರೆನ್ಸೋ ಬಿಟ್ಟು ದೋಣಿಯಲ್ಲಿ ಎರಡು ತಾಸು.
ಹೆರ್ಮೆಲಿಂದಾ ಕೈಸೇದೋ ಮೊಣಕಾಲುದ್ದ ಕೆಸರಲ್ಲಿ ನಿಂತು
ಕಾಂಡ್ಲಾ ಬೇರಿನ ಕಮಾನುಗಳ ಕೆಳಗೆ ತೋಳು ತೂರಿಸಿ
ಕಪ್ಪು ಚಿಪ್ಪು ಹೆಕ್ಕುತ್ತಿದ್ದಳು.
ಸೊಳ್ಳೆಗೆಂದು ಬಾಯಲ್ಲಿ ಚುಟ್ಟ, ಪಕ್ಕದಲ್ಲಿ ತೆಂಗಿನ ಸಿಪ್ಪೆಯ ಹೊಗೆ.
ಹತ್ತು ಪಟ್ಟು ದೊಡ್ಡದಾಗಿ ಬರೆಸಿದ ಚಿತ್ರ ತೋರಿಸಿದೆ.
"ಇಷ್ಟು ದೊಡ್ಡದು ಇಲ್ಲಿಲ್ಲ," ಅಂದಳು.
ಆಮೇಲೆ ತಾನೇ,
ಮರದಲ್ಲಿರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋತ
ಬೀಜವೊಂದನ್ನು ಕಿತ್ತು, ಮಂಡಿಗೆ ಬಡಿದು ಮುರಿದಳು.

ಒಳಗೆ ಅವಳು, ಐದು ಹೆಸರಿನವಳು.
ಸುತ್ತ ಇಪ್ಪತ್ತೋ ಮೂವತ್ತೋ ಹೆಣ್ಣುಮಕ್ಕಳು.
ಗಂಡು ಒಂದೋ ಎರಡೋ, ಕುಳ್ಳ, ಹಾರಲು ಬಾರದವು,
ಹುಟ್ಟಿದ ಕೋಣೆಯಲ್ಲೇ ಅಕ್ಕತಂಗಿಯರನ್ನು ಕೂಡಿ
ಬೆಳಕು ನೋಡದೆ ಸಾಯುವವು.

"ಪುಡಿ ಉದುರಿಸೋಳು.
ನಮ್ಮಮ್ಮ ಹಾಗೇ ಕರೀತಿದ್ದಳು.
ಇವಳು ಹೊಕ್ಕ ಕೋಲು ನೆಟ್ಟರೆ ಬದುಕೋದಿಲ್ಲ.
ಸೀಗಡಿ ಹೊಂಡದವರು ಬೋಳಿಸಿದ ಜಾಗಕ್ಕೆ
ನಾವು ಹೆಂಗಸರೇ ನಾಲ್ಕು ಸಾವಿರ ನೆಟ್ಟೆವು,
ಒಂದೊಂದನ್ನೂ ಬೆರಳಲ್ಲಿ ಸವರಿ.
ತೂತು ಸಿಕ್ಕಿದರೆ ನೀರಿಗೆ."

ನೀರಿಗೆ.
ಅವಳು ಎಸೆದ ಅರ್ಧ ಕೋಲು ಮುಳುಗಲಿಲ್ಲ.
ಇಳಿತ ಅದನ್ನು ನಿಧಾನ ತಿರುಗಿಸಿ, ಬೇರುಗಳಾಚೆ ಒಯ್ದು,
ಅಳಿವೆಯ ಬಾಯಿಗೆ ಒಪ್ಪಿಸಿತು.
ಬಸಿರಿ ಒಬ್ಬಳು ಸಾಕು ಹೊಸ ದಡಕ್ಕೆ.
ಇಂಥವು ಎಷ್ಟು ಎಸೆದಿದ್ದೀರಿ, ಕೇಳಿದೆ.
"ಎಸೆದದ್ದನ್ನ ಯಾರು ಎಣಿಸ್ತಾರೆ?"

ಚೀಟಿಯ ಅಗಲ ಹದಿನೆಂಟು ಮಿಲಿಮೀಟರು.
ಹಿಡಿದವರು: ಹೆರ್ಮೆಲಿಂದಾ ಕೈಸೇದೋ ಕಿನ್ಯೋನೆಸ್.
ಹಿಡಿಸಲಿಲ್ಲ. ಜೊತೆಗಿದ್ದ ನನ್ನ ಹೆಸರು ಹೊಡೆದುಹಾಕಿದೆ, ಹಿಡಿಸಿತು.
ಆರನೆಯ ಹೆಸರಿಗೆ ಕಾಲಂ ಇಲ್ಲ;
ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದೆ.
ಬಿಳಿಯ ಕರಾವಳಿಗೆ ಒಂದು ಚುಕ್ಕಿ ಇಟ್ಟೆ,
ಅದರಡಿ ಅವರು ನೆಟ್ಟ ಕಾಡು ಪೂರ್ತಿ ಮುಚ್ಚಿಹೋಯಿತು.

ಉಳಿದರ್ಧ ಕೋಲು ಮೇಜಿನ ಮೇಲೆ ಮರೆತಿದ್ದೆ.
ಬೆಳಿಗ್ಗೆ ಅದರ ಕೆಳಗೆ
ಚಿಟಿಕೆಯಷ್ಟು, ಹಸಿ, ಕಂದು ಪುಡಿ.